ಬೂಟಿನ ತೂಕ ಲೆಕ್ಕಕ್ಕಿಲ್ಲ

ನನ್ನ ನಡಿಗೆಯ ಬಗ್ಗೆ ಹೆಂಡತಿಗೆ ಮದುವೆಯಾದಂದಿನಿಂದ ಒಂದು ತಕರಾರಿದೆ. ಅವಳು ಬೆಂಗಳೂರಿನವಳು, ಚುರುಕು ಕಾಲಿನವಳು. ಇಬ್ಬರೂ ಕೂಡಿ ಮನೆಯಿಂದ ಹೊರಟರೆ ಅವಳು ಮಂಡಿಗೆ ಹೋಗಿ, ತರಕಾರಿ ಆರಿಸಿ, ಚೌಕಾಸಿ ಮುಗಿಸಿ, ಮರಳಿ ಬರುವಾಗ ದಾರಿಯಲ್ಲಿ ನಾನು ಎದುರಾಗುತ್ತೇನೆ. "ನಿಮ್ಮ ಜೊತೆ ವಾಕಿಂಗ್ ಹೋಗೋದಕ್ಕಿಂತ ಮನೇಲಿರೋ ಸೋಫಾ ತಳ್ಕೊಂಡು ಹೋಗೋದು ಈಸಿ" ಎನ್ನುತ್ತಾಳೆ. ಪುಣೆಯ ಹಿಂಜವಾಡಿಯಲ್ಲಿರುವ ನನ್ನ ಸಾಫ್ಟ್‌ವೇರ್ ಆಫೀಸಿನಲ್ಲೂ ಇದೇ ಕೀರ್ತಿ. ಕಂಪನಿ ಬಸ್ಸಿನ ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಇವನು ಓಡುವ ಪೈಕಿ ಅಲ್ಲ ಎಂದು ತೀರ್ಮಾನಿಸಿ ಗೇರು ಹಾಕಿಬಿಡುತ್ತಾನೆ. ಲಿಫ್ಟು ಬಂದರೆ ನಾನು ಬದಿಗೆ ಸರಿದು ಎಲ್ಲರೂ ಒಳಗೆ ಹೋಗಲೆಂದು ನಿಲ್ಲುತ್ತೇನೆ. ಎಷ್ಟೋ ಸಲ ಅವರೆಲ್ಲ ಮೇಲೆ ಹೋಗಿ ನಾನೊಬ್ಬನೇ ಕೆಳಗೆ ಉಳಿಯುತ್ತೇನೆ. ಹೊಸದಾಗಿ ಸೇರಿದ ಹುಡುಗರು ಇದನ್ನು ಸೌಜನ್ಯ ಎಂದುಕೊಂಡಿದ್ದಾರೆ. ಅವರನ್ನು ತಿದ್ದಲು ನಾನು ಹೋಗಿಲ್ಲ.

ನಿಧಾನ ನಡೆಯುವುದನ್ನು ನನಗೆ ಕಲಿಸಿದವನು ಅಣ್ಣ ಗಿರಿ. ನನಗಿಂತ ಮೂರು ವರ್ಷ ದೊಡ್ಡವನು. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿತ್ತು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಸರಳು, ನಡುನಡುವೆ ಚರ್ಮದ ಪಟ್ಟಿ, ತುದಿಯಲ್ಲಿ ಒಂದು ಕರಿ ಬೂಟು. ಮೊಣಕಾಲಿನ ಹತ್ತಿರ ಒಂದು ಚಿಲಕ. ಏಳುವಾಗ ಅದನ್ನು ಹಾಕಬೇಕು, ಕೂರುವಾಗ ತೆಗೆಯಬೇಕು. ಎರಡಕ್ಕೂ ಟಕ್ ಎಂದು ಒಂದೇ ಸದ್ದು. ಅವ್ವ ಪ್ರತಿ ಶನಿವಾರ ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಅದೇ ಡಬ್ಬಿಯಿಂದ ಗಿರಿಯ ಚಿಲಕಕ್ಕೂ ಎರಡು ಹನಿ ಬಿಡುತ್ತಿದ್ದಳು. "ಇಬ್ರೂ ಕಿರ್ರ್ ಅಂತೀರಿ, ಇಬ್ರಿಗೂ ಕುಡಿಸಬೇಕು" ಎನ್ನುತ್ತಿದ್ದಳು.

ಯೆರವಡಾದ ಕಡೆ ಒಂದು ವರ್ಕ್‌ಶಾಪಿನಲ್ಲಿ ಆ ಬೂಟು ಮಾಡಿಸುತ್ತಿದ್ದರು. ಬೆಳೆಯುವ ಹುಡುಗನೆಂದು ಪ್ರತಿ ಸಲವೂ ಒಂದು ಅಳತೆ ದೊಡ್ಡದು. ಅದು ಕಾಲಿನಲ್ಲಿ ಲೊಡಗುಟ್ಟಬಾರದೆಂದು ಅವ್ವ ಹಳೆಯ ಮರಾಠಿ ಪೇಪರನ್ನು ಮಡಚಿ ಮಡಚಿ ಬೂಟಿನ ಮೂತಿಯೊಳಗೆ ತುರುಕುತ್ತಿದ್ದಳು. ನಮ್ಮ ಗಿರಿ ದಿನಾ ಮಂತ್ರಿಗಳನ್ನು ತುಳಿದುಕೊಂಡೇ ಶಾಲೆಗೆ ಹೋಗುತ್ತಾನೆ ಎಂದು ಅಪ್ಪ ನಗುತ್ತಿದ್ದ. ಅಪ್ಪ ಗದಗಿನ ಕಡೆಯಿಂದ ಬಂದು ರವಿವಾರ ಪೇಠದ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ನಗುವುದು ಅಪರೂಪ, ನಕ್ಕರೆ ಇಂಥದಕ್ಕೇ.

ಕಾಲು ಗಂಟೆಯ ಶಾಲೆಯ ದಾರಿ ನಮಗೆ ಮುಕ್ಕಾಲು ಗಂಟೆ. ಗಿರಿಯ ಪಕ್ಕದಲ್ಲಿ ನಡೆದು ನಡೆದು ನನ್ನ ಕಾಲಿಗೆ ಅದೇ ತಾಳ ಕೂತಿತು. ಅವನು ಎಲ್ಲದರಲ್ಲೂ ಕೊನೆಯವನು. ಸಿಟಿ ಬಸ್ಸು ಅವನು ಮುಟ್ಟುವ ಮೊದಲೇ ಹೊರಡುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ತರಗತಿಗೆ ಬರುತ್ತಿದ್ದ. ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯ ಅಂಗಳದಲ್ಲಿ ಮಕ್ಕಳು ಲಗೋರಿ ಆಡುವಾಗ ಅವನು ಲಿಂಬು-ಟಿಂಬು. ಹಾಗೆಂದರೆ ಪುಣೆಯ ಮಕ್ಕಳಿಗೆಲ್ಲ ಗೊತ್ತು: ಆಟದಲ್ಲಿ ಇರುತ್ತಾನೆ, ಔಟಾಗುವುದಿಲ್ಲ, ಯಾವ ಪಕ್ಷಕ್ಕೂ ಸೇರುವುದಿಲ್ಲ. ತೀರ ಸಣ್ಣ ಮಕ್ಕಳನ್ನು ಹಾಗೆ ಇಟ್ಟುಕೊಳ್ಳುವುದು ವಾಡಿಕೆ. ಗಿರಿಗೆ ಹನ್ನೆರಡು ವರ್ಷವಾದರೂ ಲಿಂಬು-ಟಿಂಬು. ಒಂದು ದಿನ ಅವನು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟ. ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ, ನನಗೆ ಆಟ ನಡೆದಿತ್ತು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ಕೈಗೆ ಆ ಪುಸ್ತಕ ಬಂತು. ನನ್ನ ಸಹಪಾಠಿ ಸುದೇಶ ಶೆಟ್ಟಿಯ ತಂದೆಯದು ಮೂಲೆಯಲ್ಲೊಂದು ಹೋಟೆಲು. ಕುಂದಾಪುರದ ಕಡೆಯವರು. ಆಗ ಪುಣೆಯ ಕಾಲೇಜುಗಳಲ್ಲಿ ಇರಾನಿನ ಹುಡುಗರು ಬಹಳ. ಅಂಥವನೊಬ್ಬ ಆ ಹೋಟೆಲಿನಲ್ಲಿ ದಿನಾ ಮಸಾಲೆ ದೋಸೆ ತಿಂದು ಓದು ಮುಗಿಸಿದ. ಊರಿಗೆ ಹೊರಡುವ ಮುನ್ನ ಸುದೇಶನಿಗೆ ಒಂದು ಇಂಗ್ಲಿಷ್ ಪುಸ್ತಕ ತೋರಿಸಿ, ಬೇಕಾದರೆ ಒಂದು ದಿನ ಇಟ್ಟುಕೋ ಎಂದನಂತೆ. ಅದು ಒಂದು ಆಟದ ಪುಸ್ತಕ. ಹಾಸು ಇಲ್ಲ, ಕಾಯಿ ಇಲ್ಲ, ಎಲ್ಲ ಬಾಯಲ್ಲೇ. ಒಬ್ಬ ಕಥೆ ಹೇಳಬೇಕು. ಉಳಿದವರು ಒಬ್ಬೊಬ್ಬ ವೀರನಾಗಿ, ಗುಹೆ ಹೊಕ್ಕು ರಾಕ್ಷಸರ ಜೊತೆ ಕಾದಾಡಬೇಕು. ವೀರನ ಬಲ, ಬುದ್ಧಿ, ಸಾಮಾನು ಎಲ್ಲವೂ ಒಂದು ಹಾಳೆಯ ಮೇಲೆ ಅಂಕಿಗಳಾಗಿ ಇರುತ್ತವೆ.

ಒಂದು ದಿನದಲ್ಲಿ ಝೆರಾಕ್ಸ್ ಮಾಡಿಸಬೇಕಿತ್ತು. ಗಿರಿ ತಾನೇ ಹೋಗುತ್ತೇನೆಂದು ಹಟ ಹಿಡಿದ. ಶನಿವಾರ ಮಧ್ಯಾಹ್ನ ಹೊರಟವನು ಸಂಜೆಗೆ ಬಂದ, ಕಂಕುಳಲ್ಲಿ ಬಿಸಿ ಬಿಸಿ ಹಾಳೆಗಳ ಕಟ್ಟು. ಪುಸ್ತಕ ಮರಳಿ ಹೋಯಿತು, ಇರಾನಿನವನು ಬೆಳಗಿನ ಗಾಡಿಗೆ ಮುಂಬಯಿಗೆ ಹೋದ. ಆಮೇಲೆ ನೋಡಿದರೆ ಮೂವತ್ತೇಳನೆಯ ಪುಟ ಇಲ್ಲ.

"ಝೆರಾಕ್ಸ್‌ದಂವಾ ಒಂದ ಹಾಳಿ ನುಂಗ್ಯಾನ" ಎಂದ ಗಿರಿ.

ಹೋದದ್ದು ಹೋಗಲಿ ಎನ್ನಲು ಆಗದಂಥ ಪುಟ ಅದು. ಕಾಳಗ ಶುರುವಾದಾಗ ಯಾರು ಮೊದಲು ಕೈ ಎತ್ತಬೇಕು ಎಂಬುದನ್ನು ತೀರ್ಮಾನಿಸುವ ಭಾಗ. ಇದಕ್ಕೆ ನಾವು ಪಾಳಿ ಎನ್ನುತ್ತಿದ್ದೆವು. ಪ್ರತಿಯೊಬ್ಬನೂ ಇಪ್ಪತ್ತು ಮುಖದ ಒಂದು ದಾಳ ಉರುಳಿಸಬೇಕು, ಬಂದ ಅಂಕಿಗೆ ತನ್ನ ಚುರುಕಿನ ಅಂಕ ಸೇರಿಸಬೇಕು. ಹೆಚ್ಚು ಯಾರದೋ ಅವರ ಏಟು ಮೊದಲು. ಮೊದಲು ಹೊಡೆದವನೇ ಬಹುಮಟ್ಟಿಗೆ ಉಳಿಯುವವನು. ಒಳ್ಳೆಯ ಪಾದರಕ್ಷೆ, ಹಗುರ ಮೇಲಂಗಿ, ಮಂತ್ರದುಂಗುರ ಇಂಥ ಸಾಮಾನುಗಳಿದ್ದರೆ ಚುರುಕಿನ ಅಂಕ ಏರುತ್ತದೆ. ಮೂವತ್ತಾರನೆಯ ಪುಟ "ಒಬ್ಬನ ಬಳಿ ಇಂಥ ಸಾಮಾನು ಒಂದಕ್ಕಿಂತ ಹೆಚ್ಚಿದ್ದರೆ" ಎಂಬಲ್ಲಿಗೆ ನಿಂತಿತ್ತು. ಮೂವತ್ತೆಂಟು ಕುದುರೆಗಳಿಂದ ಶುರುವಾಗುತ್ತಿತ್ತು.

"ಹೆಚ್ಚಿದ್ದರ ಏನ್ ಮಾಡ್ತಾರ? ಕೂಡಸ್ತಾರ" ಎಂದ ಗಿರಿ. ಒಂದು ಬಿಳಿ ಹಾಳೆ ತೆಗೆದುಕೊಂಡು ತನ್ನ ದುಂಡು ಅಕ್ಷರದಲ್ಲಿ ಕನ್ನಡದಲ್ಲೇ ಬರೆದ: "ಪುಟ ಮೂವತ್ತೇಳು. ಒಂದನೆಯ ನಿಯಮ: ಸಾಮಾನು ಎಷ್ಟಿದ್ದರೂ ಎಲ್ಲದರ ಅಂಕ ಕೂಡಿಸಬೇಕು. ಎರಡನೆಯ ನಿಯಮ: ಬೂಟಿನ ತೂಕ ಲೆಕ್ಕಕ್ಕಿಲ್ಲ."

ನಾನು ನಕ್ಕೆ. "ಬೂಟಿನ ತೂಕ ಯಾರು ಕೇಳ್ಯಾರೋ?"

"ಯಾರರೆ ಕೇಳಿದ್ರ ಇರ್ಲಿ ಅಂತ."

ಸುದೇಶ ಆ ಹಾಳೆ ಓದಿದ, ಗಿರಿಯ ಮುಖ ನೋಡಿದ. "ಸರಿ ಉಂಟು. ಸ್ಪೈರಲ್ ಹಾಕಿಸುವಾಗ ಇದನ್ನೂ ಸೇರಿಸುವ" ಎಂದ. ಹಾಗೆ ಇಂಗ್ಲಿಷ್ ಪುಸ್ತಕದ ನಟ್ಟನಡುವೆ ಕನ್ನಡದ ಒಂದು ಪುಟ ಕೂತಿತು.

ಕಥೆ ಹೇಳುವ ಕೆಲಸ ನನಗೆ ಬಂತು. ಅದರ ಜೊತೆಗೆ ನಿಯಮ ನೋಡುವ ಕೆಲಸವೂ. ಮರಾಠಿಯಲ್ಲಿ ಅಂಪೈರಿಗೆ ಪಂಚ ಎನ್ನುತ್ತಾರಾದ್ದರಿಂದ ನಾನು ಪಂಚ. ಈ ಹುದ್ದೆಗೆ ನಾನು ಹುಟ್ಟುತ್ತಲೇ ತಯಾರಾಗಿದ್ದೆ. ಕೇರಮ್ಮಿನಲ್ಲಿ ಎದುರಾಳಿಯ ಬೆರಳು ಗೆರೆ ಮುಟ್ಟಿತೇ ಎಂದು ಬಗ್ಗಿ ನೋಡುವ ಜಾತಿ ನನ್ನದು. ಮನೆಯಲ್ಲಿ ಅವ್ವ ಉಪ್ಪಿಟ್ಟು ಬಡಿಸುವಾಗ ಸೌಟು ಎಣಿಸುತ್ತಿದ್ದೆ. ಇಂಥವರು ಮುಂದೆ ಸಾಫ್ಟ್‌ವೇರಿನ ತಪ್ಪು ಹುಡುಕುವ ವಿಭಾಗದಲ್ಲಿ ನೌಕರಿ ಮಾಡುತ್ತಾರೆ. ನಾನೂ ಮಾಡುತ್ತಿದ್ದೇನೆ.

ಹೋಟೆಲು ಮಧ್ಯಾಹ್ನ ಮೂರರಿಂದ ಐದರವರೆಗೆ ಮುಚ್ಚಿರುತ್ತಿತ್ತು. ರವಿವಾರ ಆ ಎರಡು ಗಂಟೆ ನಾವು ಅದರ ಮಾಳಿಗೆಯ ಮೇಲೆ. ಅಕ್ಕಿ ಚೀಲ, ಉಳ್ಳಾಗಡ್ಡಿ ಚೀಲಗಳ ನಡುವೆ ಕಾಲು ಮುರಿದ ಒಂದು ಮೇಜು. ಇಪ್ಪತ್ತು ಮುಖದ ದಾಳ ಪುಣೆಯಲ್ಲಿ ಎಲ್ಲಿ ಸಿಗಬೇಕು? ಶೆಟ್ಟರ ಮನೆಯ ಹೌಸಿ ಆಟದ ಡಬ್ಬಿಯಿಂದ ಒಂದರಿಂದ ಇಪ್ಪತ್ತರವರೆಗಿನ ಮರದ ಬಿಲ್ಲೆಗಳನ್ನು ಆರಿಸಿ ಹೋಟೆಲಿನ ಸ್ಟೀಲ್ ಲೋಟಕ್ಕೆ ಹಾಕಿದೆವು. ಕಣ್ಣು ಮುಚ್ಚಿ ಒಂದು ಎತ್ತುವುದು, ನೋಡಿ ಮತ್ತೆ ಒಳಗೆ ಹಾಕುವುದು. ನನ್ನ ರಾಕ್ಷಸರೆಲ್ಲ ಮರಾಠಿ ಮಾತಾಡುತ್ತಿದ್ದರು. ಮನೆಯಿಂದ ಹೊರಗಿರುವವರೆಲ್ಲ ಮರಾಠಿ ಮಾತಾಡಬೇಕೆಂಬುದು ನಮ್ಮ ತಿಳುವಳಿಕೆ.

ಸುದೇಶ ಮೈತುಂಬ ಕಬ್ಬಿಣದ ಕವಚ ಹಾಕಿದ ದಡೂತಿ ವೀರನಾದ. ಗಿರಿ ತನ್ನ ವೀರನಿಗೆ ಚಿಗರಿ ಎಂದು ಹೆಸರಿಟ್ಟ. ನಮ್ಮ ಕಡೆ ಜಿಂಕೆಗೆ ಹಾಗೆನ್ನುತ್ತಾರೆ. ಚಿಗರಿಯ ಬಳಿ ಕತ್ತಿ ಸಾಧಾರಣದ್ದು, ಕವಚ ಇಲ್ಲವೇ ಇಲ್ಲ. ಗುಹೆಯಲ್ಲಿ ಸಿಕ್ಕದ್ದನ್ನೆಲ್ಲ ಸುದೇಶನಿಗೆ ಬಿಟ್ಟುಕೊಟ್ಟು ಚುರುಕಿನ ಸಾಮಾನು ಮಾತ್ರ ಅವನು ತೆಗೆದುಕೊಳ್ಳುತ್ತಿದ್ದ. ತೊಗಲಿನ ಬೂಟಿಗೆ ಮೂರು ಅಂಕ, ಗಾಳಿಯ ಮೇಲಂಗಿಗೆ ಎರಡು, ಉಂಗುರಕ್ಕೆ ಎರಡು, ನಡುಪಟ್ಟಿಗೆ ಒಂದು. ಒಟ್ಟು ಎಂಟು. ಲೋಟದಲ್ಲಿ ಕೈಯಾಡಿಸಿ ಬಿಲ್ಲೆ ಎತ್ತಿ, ಎಂಟು ಕೂಡಿಸಿ, "ನಾ ಮೊದಲು" ಎನ್ನುತ್ತಿದ್ದ. ಜೋರಾಗಿ ಅಲ್ಲ. ಆದರೆ ಹಾಗೆನ್ನುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಆಮೇಲೆ ಚಿಗರಿ ಏನು ಮಾಡುತ್ತಾನೆಂದು ಅವನು ಹೇಳಬೇಕು. ಗಿರಿ ಹೇಳುತ್ತಿದ್ದ: "ಚಿಗರಿ ಮೂರ ಮೂರ ಮೆಟ್ಟಲಾ ಹಾರಿ ಬರ್ತಾನ. ನೆಲಕ್ಕ ಕಾಲ ಊರೂದಿಲ್ಲ. ಮೊಣಕಾಲ ಮಡಚಿ, ಗ್ವಾಡಿಗೆ ಒದ್ದು, ಅಲ್ಲಿಂದ ಆ ಕಡೆ ಜಿಗದು..." ಓಡುವುದನ್ನು ಅಷ್ಟು ಚೆನ್ನಾಗಿ ಬಣ್ಣಿಸುವವರನ್ನು ನಾನು ಬೇರೆ ಕಂಡಿಲ್ಲ. ಹಿಮ್ಮಡಿ ಎಲ್ಲಿ ತಾಗುತ್ತದೆ, ಉಸಿರು ಎಲ್ಲಿ ಕಟ್ಟುತ್ತದೆ, ಎಲ್ಲ ಗೊತ್ತಿತ್ತು ಅವನಿಗೆ. ಅಂಗಳದ ಕಟ್ಟೆಯ ಮೇಲೆ ಕೂತು ಅಷ್ಟು ವರ್ಷ ಅದನ್ನೇ ನೋಡಿದ್ದ.

ಸುದೇಶ ಗೊಣಗುತ್ತಿದ್ದ. "ಎಂತ ಮಾರಾಯ, ನನ್ನ ಪಾಳಿ ಬರುವಾಗ ರಾಕ್ಷಸ ಹೆಣ ಆಗಿರ್ತಾನೆ. ನಾನು ಕವಚ ಹಾಕಿಕೊಂಡು ಬಂದದ್ದು ಹೆಣ ಹೊರಲಿಕ್ಕಾ?" ಗಿರಿ ನಗುತ್ತಿದ್ದ, ಮುಂದಿನ ವಾರ ಮತ್ತೆ ಅದೇ. ಹೀಗೆ ಆರು ವರ್ಷ ನಡೆಯಿತು. ಶಾಲೆ ಮುಗಿದು ಕಾಲೇಜಿಗೆ ಬಂದೆವು. ಗಿರಿ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದ. ಮೀಸೆ ಬಂದ ಗಂಡಸರು ರವಿವಾರ ಉಳ್ಳಾಗಡ್ಡಿ ಚೀಲದ ಮೇಲೆ ಕೂತು ಜಿಂಕೆ, ರಾಕ್ಷಸ ಎಂದು ಆಡುವುದನ್ನು ನೆನೆದರೆ ಈಗ ನಾಚಿಕೆಯಾಗಬೇಕು. ಆಗುವುದಿಲ್ಲ.

ನಾಚಿಕೆಯಾಗುವುದು ಮುಂದಿನದಕ್ಕೆ.

ಆರು ವರ್ಷದಲ್ಲಿ ನನ್ನ ರಾಕ್ಷಸರು ಚಿಗರಿಗಿಂತ ಮೊದಲು ಕೈ ಎತ್ತಿದ್ದೇ ಅಪರೂಪ, ಎತ್ತಿದರೂ ಏಟು ತಪ್ಪುತ್ತಿತ್ತು. ವಾರವೆಲ್ಲ ಕೂತು ಒಬ್ಬನನ್ನು ಕಲ್ಪಿಸುತ್ತಿದ್ದೆ. ಅವನಿಗೆ ಮೂರು ತಲೆ, ಒಳ್ಳೆಯ ಮರಾಠಿ ಬೈಗುಳ, ವಂಶಾವಳಿ. ಅವನು ಬಾಯಿ ತೆರೆಯುವಷ್ಟರಲ್ಲಿ ಗಿರಿ ಅವನನ್ನು ಮುಗಿಸಿರುತ್ತಿದ್ದ. ನನಗೆ ಸಿಟ್ಟಿತ್ತು. ನ್ಯಾಯದ ಸಿಟ್ಟೆಂದು ತಿಳಿದಿದ್ದೆ, ಈಗ ಹೇಳಿದರೆ ಹೊಟ್ಟೆಕಿಚ್ಚು. ಆಗ ಸೈಬರ್ ಕೆಫೆಗಳು ಬಂದಿದ್ದವು. ಒಂದು ಶನಿವಾರ ಅಲ್ಲಿ ಕೂತು ಆ ಆಟದ ಹೆಸರು ಹುಡುಕಿದೆ. ಜಗತ್ತಿನಲ್ಲಿ ಎಷ್ಟು ಜನ ಅದನ್ನು ಆಡುತ್ತಾರೆಂದು ಕಂಡು ಬೆರಗಾದೆ. ಯಾರೋ ಒಬ್ಬ ಪುಣ್ಯಾತ್ಮ ಸಾಮಾನಿನ ಅಂಕಗಳ ನಿಯಮವನ್ನೆಲ್ಲ ಬರೆದಿಟ್ಟಿದ್ದ. ಪ್ರಿಂಟು ತೆಗೆಸಿ, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಆ ದಿನ ನನ್ನಂಥ ಸುಖಿ ಪುಣೆಯಲ್ಲಿ ಇನ್ನೊಬ್ಬನಿರಲಿಲ್ಲ.

ರವಿವಾರ ಎಲ್ಲರೂ ಕೂತ ಮೇಲೆ ಹಾಳೆ ತೆಗೆದೆ. "ಮೂವತ್ತೇಳನೆ ಪುಟ ಸಿಕ್ತು" ಎಂದೆ.

ಸುದೇಶ ಎಂದ: "ಈಗ ಯಾಕೆ ಮಾರಾಯ ಅದೆಲ್ಲ? ಇಷ್ಟು ವರ್ಷ ಆಡಲಿಲ್ವಾ?"

ಹೆಚ್ಚು ಗೊಣಗಿದವನು ಅವನೇ, ಅವನಿಗೇ ಖುಷಿಯಾಗಬೇಕಿತ್ತು. ಮೇಜಿನ ಕೆಳಗೆ ಅವನ ಕಾಲು ನನ್ನ ಕಾಲಿಗೆ ತಾಗಿತು. ಜಾಗ ಸಾಲುತ್ತಿಲ್ಲವೆಂದು ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಓದಿದೆ: ಚುರುಕಿನ ಸಾಮಾನು ಎಷ್ಟಿದ್ದರೂ ಅವುಗಳಲ್ಲಿ ದೊಡ್ಡ ಅಂಕ ಯಾವುದೋ ಅದೊಂದನ್ನೇ ಹಿಡಿಯಬೇಕು, ಕೂಡಿಸಬಾರದು. ಅಲ್ಲಿಗೆ ನಿಲ್ಲಿಸಿದೆ.

"ಪೂರಾ ಓದು" ಎಂದ ಗಿರಿ.

ಓದಿದೆ. ಕಾಲಿಗೆ ಕಬ್ಬಿಣ ಕಟ್ಟಿದವನು ತಡವಾಗುತ್ತಾನೆ. ಅವನ ಪಾಳಿಯಿಂದ ಮೂರು ಅಂಕ ಕಳೆಯಬೇಕು. ಓದಿ, "ಸುದೇಶಾ, ನಿನ್ನ ಕಬ್ಬಿಣದ ಬೂಟಿಗೂ ಕತ್ರಿ ಬಿತ್ತು ನೋಡು" ಎಂದು ನಕ್ಕೆ. ನನ್ನ ಅಣ್ಣ ಎದುರಿಗೆ ಕೂತಿದ್ದ, ಎಡಗಾಲು ಚಾಚಿಕೊಂಡು. ನಾನು ನಕ್ಕೆ.

ಗಿರಿ ರಬ್ಬರು ತೆಗೆದುಕೊಂಡು ಚಿಗರಿಯ ಹಾಳೆಯ ಮೇಲಿನ ಎಂಟನ್ನು ಒರೆಸಿದ. ಆರು ವರ್ಷದ ಪೆನ್ಸಿಲ್ ಗುರುತು, ಪೂರ್ತಿ ಹೋಗಲಿಲ್ಲ. ಅದರ ಮೇಲೆಯೇ ಮೂರು ಬರೆದ. ಲೋಟದಲ್ಲಿ ಕೈ ಹಾಕಿ ಒಂಬತ್ತು ಎತ್ತಿದ. ಒಂಬತ್ತು ಮೂರು ಹನ್ನೆರಡು. ನಾನು ಹನ್ನೊಂದು ಎತ್ತಿದೆ, ರಾಕ್ಷಸನದು ಎರಡು, ಒಟ್ಟು ಹದಿಮೂರು. ನನ್ನ ರಾಕ್ಷಸ ಮೊದಲು ಹೊಡೆದ. ಕವಚವಿಲ್ಲದ ಚಿಗರಿ ಒಂದೇ ಏಟಿಗೆ ಸತ್ತ. ಏಟು ತಪ್ಪಿತು ಎನ್ನಬಹುದಿತ್ತು. ಪಂಚನಿಗೆ ಆ ಅಧಿಕಾರವಿರುತ್ತದೆ. ನಾನು ನಿಯಮ ಬಿಡಲಿಲ್ಲ.

"ಆತು ಬಿಡು. ಪುಸ್ತಕದಾಗ ಇದ್ದಂಗ ಆಗ್ಲಿ" ಎಂದ ಗಿರಿ. ಚಿಲಕ ಹಾಕಿದ. ಟಕ್. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ. ಮುಂದಿನ ರವಿವಾರ ಕೆಲಸವಿದೆ ಎಂದ. ಅದರ ಮುಂದಿನ ರವಿವಾರ ನಾನು ಕೇಳಲಿಲ್ಲ. ಸುದೇಶ ಹೋಟೆಲಿನ ಗಲ್ಲೆಗೆ ಕೂತ, ನಾನು ಹಿಂಜವಾಡಿಗೆ ಹೋದೆ. ಆಟ ಅಲ್ಲಿಗೆ ಮುಗಿಯಿತು.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಗಿರಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರ. ಇಳಿಯದೆ ಆಸ್ಪತ್ರೆಗೆ ಹಾಕಿದೆವು. ಆರನೆಯ ದಿನ ಮಧ್ಯಾಹ್ನ ನಾನೊಬ್ಬನೇ ಹತ್ತಿರ ಕೂತಿದ್ದೆ. ಕಾಲಿನ ಕಬ್ಬಿಣ ಬಿಚ್ಚಿ ಮಂಚದ ಕೆಳಗೆ ಇಟ್ಟಿದ್ದರು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ: "ಅವತ್ತ ನಿನ್ನ ರಾಕ್ಷಸಗ ಎಷ್ಟ ಬಂದಿತ್ತೋ?"

"ಹದಿಮೂರು."

"ನಂದು ಹನ್ನೆರಡು. ಒಂದ ಕಡಿಮಿ ಬಿತ್ತು ನೋಡು." ನಕ್ಕ.

ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಟದ ಮಾತಿಗೆ ಆಸ್ಪತ್ರೆಯಲ್ಲಿ ಕ್ಷಮೆ ಕೇಳುವುದೇನು, ಮನೆಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಗಿರಿ ಒಂಬತ್ತನೆಯ ದಿನ ಹೋದ. ಇಪ್ಪತ್ತೊಂಬತ್ತು ವರ್ಷ. ಎಲ್ಲದರಲ್ಲೂ ಕೊನೆಗೆ ಬರುತ್ತಿದ್ದವನು ಇದೊಂದರಲ್ಲಿ ನಮ್ಮೆಲ್ಲರಿಗಿಂತ ಮೊದಲು ಹೋದ. ಇದನ್ನು ಬರೆಯುವುದು ನನಗೆ ಇವತ್ತಿಗೂ ಕಷ್ಟ.

ಮರುವರ್ಷ ದಸರೆಯ ಮೊದಲು ಅವ್ವ ಅಟ್ಟ ಸ್ವಚ್ಛ ಮಾಡಿಸಿದಳು. ಗಿರಿಯ ಹಳೆಯ ಬೂಟುಗಳು, ಸರಳುಗಳು ಒಂದು ಗೋಣಿಚೀಲದಲ್ಲಿದ್ದವು. ಅದೇ ವರ್ಕ್‌ಶಾಪಿನವರು ಅವನ್ನು ತೆಗೆದುಕೊಂಡು ರಿಪೇರಿ ಮಾಡಿ ಬೇರೆ ಮಕ್ಕಳಿಗೆ ಕೊಡುತ್ತಾರೆ. "ಒಳಗಿನ ಪೇಪರ್ ತಗದು ಒಗಿ, ಬೂಟ್ ಒರಸಿ ಇಡು" ಎಂದಳು ಅವ್ವ. ಒಂದೊಂದೇ ಬೂಟಿನ ಮೂತಿಗೆ ಬೆರಳು ಹಾಕಿ ಮುದ್ದೆಗಳನ್ನು ಹೊರಗೆಳೆದೆ. ಹಳದಿಯಾದ ಮರಾಠಿ ಸುದ್ದಿ, ಮಂತ್ರಿಗಳು, ಮಳೆ, ಸೀರೆಯ ಜಾಹೀರಾತು. ಶಾಲೆಯ ಕೊನೆಕೊನೆಯ ವರ್ಷಗಳ ಒಂದು ಬೂಟಿನಲ್ಲಿ ಪೇಪರಿನ ಒಳಗೆ ಇನ್ನೊಂದು ಹಾಳೆ ಇತ್ತು, ಬಿಳಿ, ದಪ್ಪ, ಎಂಟು ಮಡಿಕೆ. ಬಿಡಿಸಿದೆ. ಇಂಗ್ಲಿಷ್ ಅಕ್ಷರ, ಬದಿಯಲ್ಲಿ ಝೆರಾಕ್ಸಿನ ಕರಿ ನೆರಳು, ಕೆಳಗೆ ಮೂವತ್ತೇಳು.

ನೆಲದ ಮೇಲೆ ಕೂತೆ. ಹಾಗಾದರೆ ಹದಿನಾರು ವರ್ಷದ ಹುಡುಗ ಅವತ್ತು ಅಂಗಡಿಯ ಮುಂದೆ ನಿಂತು ಹಾಳೆಗಳನ್ನು ತಿರುವಿ ಓದಿದ್ದಾನೆ. ಕಾಲಿಗೆ ಕಬ್ಬಿಣ ಕಟ್ಟಿದವನು ತಡವಾಗುತ್ತಾನೆ ಎಂಬುದನ್ನೂ ಓದಿದ್ದಾನೆ. ಆ ಒಂದು ಹಾಳೆ ಎಳೆದು, ಯಾರೂ ಕೈ ಹಾಕದ ಜಾಗದಲ್ಲಿ ಬಚ್ಚಿಟ್ಟು, ಅದರ ಮೇಲೆ ಕಾಲೂರಿ ನಡೆದು ಮನೆಗೆ ಬಂದಿದ್ದಾನೆ. ಆಮೇಲೆ ತಾನೇ ಇನ್ನೊಂದು ಪುಟ ಬರೆದಿದ್ದಾನೆ. ನಾನು ಆ ಪ್ರಿಂಟು ತಂದು ಅವನ ಎದುರಿಗೆ ಓದಿದಾಗ ಪೂರಾ ಓದು ಎಂದದ್ದು, ಮುಂದೆ ಏನಿದೆಯೆಂದು ಗೊತ್ತಿದ್ದೇ.

ಸುದೇಶನಿಗೆ ಫೋನು ಮಾಡಿದೆ. ಮೂರು ಗಂಟೆ ದಾಟಿತ್ತು, ಹೋಟೆಲು ಮುಚ್ಚಿರುತ್ತದೆ. ಸಿಕ್ಕದ್ದನ್ನು ಹೇಳಿದೆ.

"ನನಗೆ ಗೊತ್ತಿತ್ತು ಮಾರಾಯ" ಎಂದ. "ಪುಸ್ತಕ ನಿಮಗೆ ಕೊಡುವ ಮೊದಲು ಬೆಳಿಗ್ಗೆ ನಾನೇ ಕೂತು ಓದಿದ್ದೆ. ಆ ಪುಟವೂ."

"ಮತ್ತ ಯಾಕ ಹೇಳಲಿಲ್ಲ?"

"ಎಂತ ಹೇಳುವುದು? ವಾರಕ್ಕೊಂದು ಸಲ ಅವನು ಮೊದಲು ಹೋಗ್ತಿದ್ದ. ಹೋಗಲಿ ಅಂತ." ಆಮೇಲೆ ಮೆಲ್ಲಗೆ ಎಂದ: "ನಿನಗೂ ಗೊತ್ತುಂಟು ಅಂತಲೇ ತಿಳಿದಿದ್ದೆ ನಾನು. ನೀನು ಅವನ ತಮ್ಮ ಅಲ್ವಾ."

ಫೋನು ಇಟ್ಟೆ. ಬೂಟನ್ನು ಒರೆಸಿ, ಅದರ ಮೂತಿಗೆ ಅವತ್ತಿನ ಪೇಪರು ಮಡಚಿ ತುರುಕಿ ಚೀಲಕ್ಕೆ ಹಾಕಿದೆ. ಅಸಲಿ ಮೂವತ್ತೇಳನ್ನು ಹರಿದು ಹಾಕಿದೆ. ಹುಟ್ಟಿದಂದಿನಿಂದ ನಾನು ಮುರಿದ ನಿಯಮ ಅದೊಂದೇ ಇರಬೇಕು. ಸ್ಪೈರಲ್ ಪುಸ್ತಕ ನನ್ನ ಕಪಾಟಿನಲ್ಲಿದೆ, ಗಿರಿ ಬರೆದ ಪುಟದ ಸಮೇತ.

ಈಗ ಲಿಫ್ಟು ಬಂದಾಗ ನಾನು ಬದಿಗೆ ಸರಿದು ನಿಲ್ಲುತ್ತೇನೆ. ಬನ್ನಿ ಸರ್, ಜಾಗ ಇದೆ ಎಂದು ಒಳಗಿನಿಂದ ಹುಡುಗರು ಕರೆಯುತ್ತಾರೆ. ನೀವು ಮೊದಲು ಹೋಗಿ ಎನ್ನುತ್ತೇನೆ. ಅವರಿಗೆ ಹೇಳುತ್ತಿರುವ ಮಾತಲ್ಲ ಅದು.